ಸೆರೊಟೋನಿನ್ ಮಿತಿಮೀರಿದಾಗ: ಒಂದನ್ನೊಂದು ಹೋಲುವ ಕಾಯಿಲೆಗಳನ್ನು ಬೇರ್ಪಡಿಸಿ ತಿಳಿಯುವ ಬಗೆ

ಆರೋಗ್ಯ ಮಾಹಿತಿ ಲೇಖನ
ಗ್ರಾಮ ಪಂಚಾಯತಿಗಳ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸರ್ವ ಸದಸ್ಯರ ಅವಗಾಹನೆಗಾಗಿ

1. ಪೀಠಿಕೆ



ಗ್ರಾಮದಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ದೇಹಸ್ಥಿತಿ ಬಿಗಡಾಯಿಸಿದಾಗ ವೈದ್ಯರಿಗಿಂತ ಮೊದಲು ಕರೆ ಹೋಗುವುದು ಅನೇಕ ವೇಳೆ ಆ ವಾರ್ಡಿನ ಪಂಚಾಯತಿ ಸದಸ್ಯರಿಗೆ. ವಾಹನ ಒದಗಿಸುವುದು, ಆಸ್ಪತ್ರೆಗೆ ಸುದ್ದಿ ಮುಟ್ಟಿಸುವುದು, ಗಾಬರಿಗೊಂಡ ಮನೆಯವರಿಗೆ ಧೈರ್ಯ ಹೇಳುವುದು ಇವೆಲ್ಲವೂ ಸದಸ್ಯರ ಹೆಗಲಿಗೇ ಬೀಳುತ್ತವೆ. ಆ ಅರ್ಧ ಗಂಟೆಯಲ್ಲಿ ಸುತ್ತಲಿನವರು ಏನೆಂದು ತೀರ್ಮಾನಿಸುತ್ತಾರೆ ಎಂಬುದರ ಮೇಲೆ ರೋಗಿಯ ಮುಂದಿನ ಗತಿ ಬಹುಮಟ್ಟಿಗೆ ನಿಂತಿರುತ್ತದೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಏಪ್ರಿಲ್ ತಿಂಗಳ ಸಂಜೆ. ನಲವತ್ತೈದು ವರ್ಷದ ಮಹಿಳೆಯೊಬ್ಬರು ಖಿನ್ನತೆಗಾಗಿ ತಾಲ್ಲೂಕು ಆಸ್ಪತ್ರೆಯಿಂದ ಎಸಿಟಾಲೋಪ್ರಾಮ್ ಮಾತ್ರೆಯನ್ನು ಆರು ತಿಂಗಳಿಂದ ತೆಗೆದುಕೊಳ್ಳುತ್ತಿದ್ದಾರೆ. ಚೇತರಿಸಿಕೊಂಡು ಹೊಲದ ಕೆಲಸಕ್ಕೂ ಹೋಗುತ್ತಿದ್ದಾರೆ. ಅಂದು ಬೆಳಿಗ್ಗೆ ಸೊಂಟನೋವೆಂದು ಪೇಟೆಯ ಔಷಧಿ ಅಂಗಡಿಯಿಂದ ನೋವಿನ ಮಾತ್ರೆಯನ್ನೂ ಒಣಕೆಮ್ಮಿಗೆಂದು ಒಂದು ಸಿರಪ್ಪನ್ನೂ ತರಿಸಿಕೊಂಡಿದ್ದರು. ಮಾತ್ರೆಯಲ್ಲಿದ್ದುದು ಟ್ರಮಡಾಲ್, ಸಿರಪ್ಪಿನಲ್ಲಿದ್ದುದು ಡೆಕ್ಸ್ಟ್ರೋಮೆಥಾರ್ಫನ್. ಸಂಜೆಯ ಹೊತ್ತಿಗೆ ಅವರ ಮೈ ಬೆವರಿನಿಂದ ತೊಯ್ದಿದೆ, ಕೈಗಳು ನಡುಗುತ್ತಿವೆ, ಕಾಲುಗಳು ತಾಳ ಹಾಕಿದಂತೆ ಅದುರುತ್ತಿವೆ, ಕುಳಿತಲ್ಲಿ ಕೂರಲಾಗುತ್ತಿಲ್ಲ, ಮಾತು ತಡವರಿಸುತ್ತಿದೆ.

ಮನೆಯ ಮುಂದೆ ಸೇರಿದವರಲ್ಲಿ ಒಬ್ಬರು ಬಿಸಿಲು ಹೊಡೆದಿದೆ ಎನ್ನುತ್ತಾರೆ. ಮತ್ತೊಬ್ಬರು ಗಾಳಿ ಸೋಕಿದೆ ಎನ್ನುತ್ತಾರೆ. ಮನಸ್ಸಿನ ಕಾಯಿಲೆಯವರಾದ್ದರಿಂದ ಬೆಳೆಗೆ ಹೊಡೆಯುವ ಔಷಧಿಯನ್ನೇ ಕುಡಿದಿರಬೇಕು ಎಂದು ಮೂರನೆಯವರ ಊಹೆ. ನಾಲ್ಕನೆಯವರು ಹಗ್ಗ ತರಲು ಹೇಳುತ್ತಾರೆ. ನಿಜವಾದ ಕಾರಣವಾದರೋ ಗೋಡೆಯ ಗೂಡಿನಲ್ಲಿಟ್ಟ ಮಾತ್ರೆಯ ಕವರಿನಲ್ಲಿದೆ. ಅದರತ್ತ ಯಾರ ಕಣ್ಣೂ ಹೋಗಿಲ್ಲ.

ಈ ಲೇಖನದ ಉದ್ದೇಶ ಸದಸ್ಯರನ್ನು ವೈದ್ಯರನ್ನಾಗಿಸುವುದಲ್ಲ. ಯಾವ ಕಾಯಿಲೆಯೆಂದು ನಿರ್ಣಯಿಸುವುದು ವೈದ್ಯರ ಕಾರ್ಯ. ಆದರೆ ಆ ನಿರ್ಣಯಕ್ಕೆ ಅವಶ್ಯವಾದ ಮಾಹಿತಿ ಮನೆಯಿಂದ ಆಸ್ಪತ್ರೆಗೆ ತಲುಪುವಂತೆ ನೋಡಿಕೊಳ್ಳುವುದು ನಮ್ಮಿಂದ ಸಾಧ್ಯ. ಅದು ಏಕೆ ಮುಖ್ಯವೆಂಬುದನ್ನು ಮುಂದೆ ವಿವರಿಸಲಾಗಿದೆ.

2. ಸೆರೊಟೋನಿನ್ ಎಂದರೇನು

ಸೆರೊಟೋನಿನ್ ನಮ್ಮ ದೇಹವೇ ತಯಾರಿಸಿಕೊಳ್ಳುವ ಒಂದು ರಾಸಾಯನಿಕ. ಬೇಳೆ, ಹಾಲು, ಮೊಟ್ಟೆ ಮೊದಲಾದ ಆಹಾರದಲ್ಲಿರುವ ಟ್ರಿಪ್ಟೋಫ್ಯಾನ್ ಎಂಬ ಅಂಶದಿಂದ ಅದು ಸಿದ್ಧವಾಗುತ್ತದೆ. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಮಾರಿಸ್ ರ‍್ಯಾಪೋರ್ಟ್, ಆರ್ಡಾ ಗ್ರೀನ್ ಮತ್ತು ಇರ್ವಿನ್ ಪೇಜ್ ಎಂಬ ವಿಜ್ಞಾನಿಗಳು ಇದನ್ನು ರಕ್ತದಿಂದ ಬೇರ್ಪಡಿಸಿದರು. ರಕ್ತನಾಳಗಳನ್ನು ಬಿಗಿಗೊಳಿಸುವ ರಕ್ತದ್ರವದ ಅಂಶವೆಂಬ ಅರ್ಥದಲ್ಲಿ ಅದಕ್ಕೆ ಈ ಹೆಸರು ಬಂದಿತು. ಇಟಲಿಯ ವಿಟ್ಟೋರಿಯೋ ಎರ್ಸ್‌ಪಾಮರ್ ಅವರು ಅದಕ್ಕೂ ಮೊದಲೇ ಕರುಳಿನಲ್ಲಿ ಕಂಡಿದ್ದ ವಸ್ತುವೂ ಇದೇ ಎಂದು ಅನಂತರ ತಿಳಿದುಬಂದಿತು.

ಸೆರೊಟೋನಿನ್ ಎಂದೊಡನೆ ಮಿದುಳು ಮತ್ತು ಮನಸ್ಸಿನ ನೆನಪಾಗುವುದು ಸಹಜ. ವಾಸ್ತವದಲ್ಲಿ ದೇಹದ ಒಟ್ಟು ಸೆರೊಟೋನಿನ್‌ನ ಶೇಕಡಾ 90ಕ್ಕೂ ಹೆಚ್ಚು ಭಾಗ ಕರುಳಿನಲ್ಲಿರುತ್ತದೆ. ಅಲ್ಲಿ ಅದು ಕರುಳಿನ ಚಲನೆಯನ್ನು ನಡೆಸುತ್ತದೆ. ಮಿದುಳು ತನಗೆ ಬೇಕಾದಷ್ಟನ್ನು ತಾನೇ ತಯಾರಿಸಿಕೊಂಡು ನಿದ್ರೆ, ಹಸಿವು, ಮನಃಸ್ಥಿತಿ, ದೇಹದ ಉಷ್ಣತೆ ಇವುಗಳ ಹತೋಟಿಗೆ ಬಳಸಿಕೊಳ್ಳುತ್ತದೆ. ರಕ್ತದಲ್ಲಿರುವ ಸೆರೊಟೋನಿನ್ ಮಿದುಳಿನೊಳಕ್ಕೆ ದಾಟಲಾರದು. ನಡುವೆ ಪ್ರಕೃತಿಯೇ ಒಡ್ಡಿದ ತಡೆಯಿದೆ.

ಈ ತಡೆಯನ್ನು ನೆನಪಿಟ್ಟುಕೊಂಡರೆ ಮುಂದಿನ ವಿಷಯ ಸುಲಭವಾಗುತ್ತದೆ. ಮಿದುಳು ಮತ್ತು ನರಗಳಲ್ಲಿ ಸೆರೊಟೋನಿನ್‌ನ ಪ್ರಭಾವ ಹೆಚ್ಚಾದರೆ ಒಂದು ಕಾಯಿಲೆ. ರಕ್ತದಲ್ಲಿ ಹೆಚ್ಚಾದರೆ ಸಂಪೂರ್ಣ ಬೇರೆಯೇ ಆದ ಇನ್ನೊಂದು ಕಾಯಿಲೆ. ಮೊದಲನೆಯದು ಗಂಟೆಗಳಲ್ಲಿ ಬರುತ್ತದೆ, ಎರಡನೆಯದು ತಿಂಗಳು ವರ್ಷಗಳಲ್ಲಿ ಬೆಳೆಯುತ್ತದೆ. ಮೊದಲನೆಯದಕ್ಕೆ ಕಾರಣ ಔಷಧಗಳು, ಎರಡನೆಯದಕ್ಕೆ ಕಾರಣ ದೇಹದೊಳಗಿನ ಗಡ್ಡೆ.

3. ಗಂಟೆಗಳಲ್ಲಿ ಬರುವುದು: ಸೆರೊಟೋನಿನ್ ಸಿಂಡ್ರೋಮ್

ಸೆರೊಟೋನಿನ್ ಹೆಚ್ಚಿಸುವ ಒಂದು ಔಷಧದ ಜೊತೆ ಅದೇ ಗುಣದ ಇನ್ನೊಂದು ಔಷಧ ಸೇರಿದಾಗ, ಅಥವಾ ಒಂದೇ ಔಷಧವನ್ನು ಮಿತಿಮೀರಿ ಸೇವಿಸಿದಾಗ ಈ ಸ್ಥಿತಿ ಉಂಟಾಗುತ್ತದೆ. ಬಹುಪಾಲು ಪ್ರಕರಣಗಳಲ್ಲಿ ಹೊಸ ಮಾತ್ರೆ ಸೇರಿಸಿದ ಅಥವಾ ಪ್ರಮಾಣ ಹೆಚ್ಚಿಸಿದ 24 ಗಂಟೆಗಳೊಳಗೆ, ಅನೇಕ ವೇಳೆ ಆರು ಗಂಟೆಗಳೊಳಗೇ, ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಲಕ್ಷಣಗಳು ಮೂರು ಬಗೆಯವು. ಮೊದಲನೆಯದು ಮನಸ್ಸಿಗೆ ಸಂಬಂಧಿಸಿದುದು: ಚಡಪಡಿಕೆ, ಗೊಂದಲ, ಅಸಂಬದ್ಧ ಮಾತು. ಎರಡನೆಯದು ದೇಹದ ಒಳ ಹತೋಟಿ ತಪ್ಪುವುದು: ಧಾರಾಕಾರ ಬೆವರು, ಎದೆಬಡಿತದ ವೇಗ, ಮೈಬಿಸಿ, ಭೇದಿ, ಅಗಲವಾದ ಕಣ್ಣಿನ ಪಾಪೆ. ಮೂರನೆಯದು ಸ್ನಾಯುಗಳದು: ನಡುಕ, ಮೈ ಎಗರುವುದು, ಕಾಲುಗಳಲ್ಲಿ ತಾಳಬದ್ಧವಾದ ಅದುರು. ಈ ಮೂರನೆಯ ಬಗೆಯೇ ಕಾಯಿಲೆಯ ಗುರುತು. ವೈದ್ಯರು ರೋಗಿಯ ಪಾದವನ್ನು ಥಟ್ಟನೆ ಮೇಲಕ್ಕೆ ಒತ್ತಿ ಹಿಡಿದಾಗ ಅದು ತಾನಾಗಿಯೇ ಮತ್ತೆ ಮತ್ತೆ ಬಡಿದುಕೊಳ್ಳುತ್ತದೆ. ಕೈಗಳಿಗಿಂತ ಕಾಲುಗಳಲ್ಲಿ ಇದು ಹೆಚ್ಚು. ಆಸ್ಟ್ರೇಲಿಯಾದ ವಿಷಚಿಕಿತ್ಸಾ ತಜ್ಞರು 2003ರಲ್ಲಿ ಪ್ರಕಟಿಸಿದ ಹಂಟರ್ ಮಾನದಂಡ ಈ ಅದುರನ್ನೇ ಮುಖ್ಯ ಆಧಾರವಾಗಿ ಇಟ್ಟುಕೊಂಡಿದೆ. ಇಂದು ವೈದ್ಯರು ವ್ಯಾಪಕವಾಗಿ ಬಳಸುವುದು ಅದನ್ನೇ.

ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಈ ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ತೊಂದರೆ ಇರುವುದು ನರಮಂಡಲದಲ್ಲಾದ್ದರಿಂದ ರಕ್ತದ ಸೆರೊಟೋನಿನ್ ಪ್ರಮಾಣವನ್ನು ಅಳೆದು ಪ್ರಯೋಜನವಿಲ್ಲ. ರೋಗಿಯನ್ನು ಪರೀಕ್ಷಿಸಿದಾಗ ಕಾಣುವ ಲಕ್ಷಣಗಳು ಮತ್ತು ಅವರು ಸೇವಿಸಿದ ಔಷಧಗಳ ಪಟ್ಟಿ, ಇವೆರಡೇ ವೈದ್ಯರಿಗಿರುವ ಆಧಾರ. ಪಟ್ಟಿ ಬಾರದಿದ್ದರೆ ಎಷ್ಟೇ ಸುಸಜ್ಜಿತ ಆಸ್ಪತ್ರೆಯಾದರೂ ವೈದ್ಯರು ಅರ್ಧ ಕತ್ತಲೆಯಲ್ಲಿ ಕೆಲಸ ಮಾಡಬೇಕಾಗುತ್ತದೆ.

4. ಯಾವ ಔಷಧಗಳ ಜೋಡಿ

ನಮ್ಮ ಗ್ರಾಮಗಳ ಮನೆಗಳಲ್ಲಿ ಇರಬಹುದಾದ ಔಷಧಗಳನ್ನಷ್ಟೇ ಇಲ್ಲಿ ಹೆಸರಿಸಲಾಗಿದೆ.

(ಅ) ಖಿನ್ನತೆ ಮತ್ತು ಆತಂಕಕ್ಕೆ ನೀಡುವ ಎಸಿಟಾಲೋಪ್ರಾಮ್, ಸರ್ಟ್ರಾಲಿನ್, ಫ್ಲುಯೊಕ್ಸೆಟಿನ್.

(ಆ) ನರನೋವು ಮತ್ತು ತಲೆನೋವಿಗೂ ನೀಡುವ ಅಮಿಟ್ರಿಪ್ಟಿಲಿನ್.

(ಇ) ನೋವಿಗೆ ಮಾತ್ರೆ ಅಥವಾ ಚುಚ್ಚುಮದ್ದಿನ ರೂಪದಲ್ಲಿ ನೀಡುವ ಟ್ರಮಡಾಲ್. ಇದು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಎಚ್1 ಪಟ್ಟಿಗೆ ಸೇರಿದ್ದು, ಮಾರಾಟದ ವಿವರವನ್ನು ಅಂಗಡಿಯವರು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. 2018ರಿಂದ ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೂ ಇದು ಬಂದಿದೆ.

(ಈ) ಒಣಕೆಮ್ಮಿನ ಅನೇಕ ಸಿರಪ್‌ಗಳಲ್ಲಿರುವ ಡೆಕ್ಸ್ಟ್ರೋಮೆಥಾರ್ಫನ್.

(ಉ) ಔಷಧ ನಿರೋಧಕ ಕ್ಷಯರೋಗಕ್ಕೆ ನೀಡುವ ಲಿನೆಜೋಲಿಡ್. ಕೇಂದ್ರ ಆರೋಗ್ಯ ಸಚಿವಾಲಯವು 2024ರಲ್ಲಿ ಅನುಮೋದಿಸಿದ ಆರು ತಿಂಗಳ ಹೊಸ ಚಿಕಿತ್ಸಾ ಕ್ರಮದ ನಾಲ್ಕು ಔಷಧಗಳಲ್ಲಿ ಇದೂ ಒಂದು. ಸೆರೊಟೋನಿನ್ ಅನ್ನು ಕರಗಿಸುವ ಕಿಣ್ವವನ್ನು ಇದು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕ್ಷಯರೋಗಿಗಳಲ್ಲಿ ಖಿನ್ನತೆ ಅಪರೂಪವಲ್ಲದ್ದರಿಂದ ಎರಡು ಕಡೆಯ ವೈದ್ಯರಿಗೂ ಎರಡೂ ಚಿಕಿತ್ಸೆಗಳ ವಿಷಯ ತಿಳಿದಿರುವುದು ಅಗತ್ಯ.

ಇಲ್ಲಿ ತಪ್ಪು ಗ್ರಹಿಕೆಗೆ ಅವಕಾಶವಾಗಬಾರದು. ಇವು ಯಾವುವೂ ವಿಷವಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ಒಂದೇ ಔಷಧವನ್ನು ಸೇವಿಸುವವರಲ್ಲಿ ತೀವ್ರ ಸ್ವರೂಪದ ಸೆರೊಟೋನಿನ್ ಸಿಂಡ್ರೋಮ್ ಬಹಳ ವಿರಳ. ಈ ಔಷಧಗಳಲ್ಲಿ ಎರಡನ್ನು ವೈದ್ಯರು ತಿಳಿದೇ, ಎಚ್ಚರಿಕೆಯಿಂದ, ಒಟ್ಟಿಗೆ ನೀಡುವ ಸಂದರ್ಭಗಳೂ ಇವೆ. ಅಪಾಯವಿರುವುದು ಒಬ್ಬರು ಕೊಟ್ಟುದು ಇನ್ನೊಬ್ಬರಿಗೆ ತಿಳಿಯದಿದ್ದಾಗ. ಈ ಲೇಖನವನ್ನು ಓದಿ ಯಾರಾದರೂ ಖಿನ್ನತೆಯ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಆಗುವ ಹಾನಿ ಹೆಚ್ಚು: ತಲೆಸುತ್ತು, ನಿದ್ರಾಹೀನತೆ, ಚಡಪಡಿಕೆ ಮರುಕಳಿಸಬಹುದು, ಮೂಲ ಕಾಯಿಲೆಯೂ ಹಿಂದಿರುಗಬಹುದು. ಬದಲಾವಣೆ ಏನಿದ್ದರೂ ವೈದ್ಯರ ಸಲಹೆಯಂತೆಯೇ ಆಗಬೇಕು.

5. ಒಂದು ಹಳೆಯ ಪ್ರಕರಣದ ಪಾಠ

1984ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕ್ ನಗರದ ಆಸ್ಪತ್ರೆಯೊಂದಕ್ಕೆ ಲಿಬಿ ಜಿಯಾನ್ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿನಿ ಜ್ವರ ಮತ್ತು ಮೈ ಎಗರುವ ತೊಂದರೆಯಿಂದ ದಾಖಲಾದರು. ಅವರು ಖಿನ್ನತೆಗಾಗಿ ಫಿನೆಲ್ಜೀನ್ ಎಂಬ ಹಳೆಯ ಬಗೆಯ ಔಷಧವನ್ನು ಸೇವಿಸುತ್ತಿದ್ದರು. ಅಲ್ಲಿ ಅವರಿಗೆ ಪೆಥಿಡಿನ್ ನೀಡಲಾಯಿತು. ಈ ಎರಡು ಔಷಧಗಳು ಜೊತೆಯಾಗಬಾರದವು. ರಾತ್ರಿ ಚಡಪಡಿಕೆ ಹೆಚ್ಚಾದಾಗ ಅವರನ್ನು ಹಾಸಿಗೆಗೆ ಕಟ್ಟಲಾಯಿತು. ಬೆಳಗಾಗುವಷ್ಟರಲ್ಲಿ ಜ್ವರ ವಿಪರೀತಕ್ಕೇರಿ ಅವರು ತೀರಿಕೊಂಡರು. ಸಾವಿನ ಖಚಿತ ಕಾರಣದ ಬಗ್ಗೆ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವಾದ ಪ್ರತಿವಾದ ನಡೆಯಿತು. ಔಷಧಗಳ ಈ ಜೋಡಿಯತ್ತ ವೈದ್ಯಲೋಕದ ಕಣ್ಣು ತೆರೆಸಿದ ಪ್ರಕರಣವೆಂದು ಮಾತ್ರ ಅದು ಉಳಿದುಕೊಂಡಿದೆ. ಅದರ ಫಲವಾಗಿ 1989ರಲ್ಲಿ ನ್ಯೂಯಾರ್ಕ್ ರಾಜ್ಯವು ತರಬೇತಿಯಲ್ಲಿರುವ ವೈದ್ಯರ ಕೆಲಸದ ಅವಧಿಯನ್ನು ವಾರಕ್ಕೆ 80 ಗಂಟೆಗಳಿಗೆ ಮಿತಿಗೊಳಿಸಿತು.

ಮಹಾನಗರದ ಆಸ್ಪತ್ರೆಯಲ್ಲಿಯೇ ಗುರುತಿಸಲು ಕಷ್ಟವಾದ ಸ್ಥಿತಿಯನ್ನು ಹಳ್ಳಿಯ ಜಗಲಿಯ ಮೇಲೆ ಗುರುತಿಸಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಆ ರಾತ್ರಿಯ ಎರಡು ಸಂಗತಿಗಳು ನಮಗೂ ಅನ್ವಯಿಸುತ್ತವೆ. ಮೊದಲೇ ಸೇವಿಸುತ್ತಿದ್ದ ಔಷಧದ ವಿಷಯ ಚಿಕಿತ್ಸೆ ನೀಡುವವರ ಮನಸ್ಸಿನಲ್ಲಿ ಸದಾ ಇರಬೇಕು, ಮತ್ತು ಚಡಪಡಿಸುವವರನ್ನು ಕಟ್ಟಿಹಾಕಬಾರದು.

6. ಹೋಲುವ ಇತರ ಸ್ಥಿತಿಗಳು

ಬೆವರು, ನಡುಕ, ಮೈಬಿಸಿ, ಅಸಂಬದ್ಧ ಮಾತು ಇವು ಬೇರೆ ಕಾಯಿಲೆಗಳಲ್ಲಿಯೂ ಕಾಣುತ್ತವೆ. ಅವನ್ನು ಬೇರ್ಪಡಿಸುವ ಸೂಚನೆಗಳು ಹೀಗಿವೆ.

(ಅ) ಬಿಸಿಲಿನ ಆಘಾತ: ರೋಗಿ ಬಿಸಿಲಿನಲ್ಲಿ ಅಥವಾ ಗಾಳಿಯಾಡದ ಬಿಸಿ ಜಾಗದಲ್ಲಿ ದುಡಿದಿರುತ್ತಾರೆ. ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿ ಪ್ರಜ್ಞೆ ಮಂಕಾಗುತ್ತದೆ. ಚರ್ಮ ಒಣಗಿರಬಹುದು, ದುಡಿಯುತ್ತಿರುವಾಗಲೇ ಬಿದ್ದವರಲ್ಲಿ ಬೆವರೂ ಇರಬಹುದು. ಕಾಲುಗಳ ತಾಳಬದ್ಧ ಅದುರು ಇದರ ಲಕ್ಷಣವಲ್ಲ.

(ಆ) ಕೀಟನಾಶಕದ ವಿಷ: ಆರ್ಗನೋಫಾಸ್ಫೇಟ್ ಬಗೆಯ ಕೀಟನಾಶಕ ದೇಹ ಸೇರಿದರೆ ಬೆವರು ಮತ್ತು ಭೇದಿಯ ಜೊತೆ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಎದೆಯಲ್ಲಿ ಗೊರಗೊರ ಸದ್ದು ಇರುತ್ತದೆ. ಮುಖ್ಯವಾಗಿ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿರುತ್ತದೆ. ಸೆರೊಟೋನಿನ್ ಸಿಂಡ್ರೋಮ್‌ನಲ್ಲಿ ಅದು ಅಗಲವಾಗಿರುತ್ತದೆ. ಕುಡಿದವರಲ್ಲಷ್ಟೇ ಅಲ್ಲ, ರಕ್ಷಣೆಯಿಲ್ಲದೆ ಸಿಂಪಡಿಸಿದವರಲ್ಲಿಯೂ ಹೀಗಾಗಬಹುದು.

(ಇ) ಉಮ್ಮತ್ತಿಯ ವಿಷ: ಉಮ್ಮತ್ತಿ ಅಥವಾ ದತ್ತೂರದ ಬೀಜ ತಿಂದವರಲ್ಲಿ, ಅದೇ ಗುಣದ ಟ್ರೈಹೆಕ್ಸಿಫೆನಿಡಿಲ್‌ನಂತಹ ಮಾತ್ರೆ ಹೆಚ್ಚಾದವರಲ್ಲಿ ಕೂಡ, ಪಾಪೆ ಅಗಲವಾಗಿ ಮಾತು ಅಸಂಬದ್ಧವಾಗುತ್ತದೆ. ಆದರೆ ಮೈ ಕೆಂಡದಂತಿದ್ದರೂ ಬೆವರಿರುವುದಿಲ್ಲ, ಬಾಯಿ ಒಣಗಿರುತ್ತದೆ, ಮೂತ್ರ ಕಟ್ಟಿರುತ್ತದೆ. ಒಂದರಲ್ಲಿ ಮೈ ತೊಯ್ದಿರುತ್ತದೆ, ಇನ್ನೊಂದರಲ್ಲಿ ಒಣಗಿರುತ್ತದೆ ಎಂಬುದೇ ದೊಡ್ಡ ವ್ಯತ್ಯಾಸ.

(ಈ) ನ್ಯೂರೋಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್: ಹ್ಯಾಲೋಪೆರಿಡಾಲ್‌ನಂತಹ ತೀವ್ರ ಮಾನಸಿಕ ಕಾಯಿಲೆಯ ಔಷಧಗಳಿಂದ ವಿರಳವಾಗಿ ಉಂಟಾಗುವ ಸ್ಥಿತಿಯಿದು. ಇದು ಸೆರೊಟೋನಿನ್ ಹೆಚ್ಚಳವಲ್ಲ; ಡೋಪಮಿನ್ ಎಂಬ ಬೇರೆ ರಾಸಾಯನಿಕದ ಕೆಲಸಕ್ಕೆ ಒದಗುವ ತಡೆ. ಸೆರೊಟೋನಿನ್ ಸಿಂಡ್ರೋಮ್ ಗಂಟೆಗಳಲ್ಲಿ ಬಂದರೆ ಇದು ದಿನಗಳಲ್ಲಿ, ಕೆಲವೊಮ್ಮೆ ವಾರಗಳಲ್ಲಿ ಬೆಳೆಯುತ್ತದೆ. ಅಲ್ಲಿ ಮೈ ಅದುರಿದರೆ ಇಲ್ಲಿ ಮೈ ಕೊಳವೆಯಂತೆ ಸೆಟೆದುಕೊಂಡು ಚಲನೆ ನಿಧಾನವಾಗುತ್ತದೆ. ಮೊದಲನೆಯದು ಕಾರಣವಾದ ಔಷಧ ನಿಲ್ಲಿಸಿದರೆ ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಮುಖವಾಗುತ್ತದೆ. ಇದು ಇಳಿಯಲು ವಾರಕ್ಕಿಂತ ಹೆಚ್ಚು ಕಾಲ ಹಿಡಿಯಬಹುದು.

(ಉ) ಸೋಂಕುಗಳು: ಮಿದುಳಿನ ಜ್ವರ, ಧನುರ್ವಾಯು ಮೊದಲಾದವನ್ನೂ ವೈದ್ಯರು ಪರಿಶೀಲಿಸಬೇಕಾಗುತ್ತದೆ. ಕುತ್ತಿಗೆ ಸೆಟೆದುಕೊಳ್ಳುವುದು, ಹಿಂದಿನ ದಿನಗಳ ಜ್ವರ, ಗಾಯ, ದವಡೆ ಕಚ್ಚಿಕೊಳ್ಳುವುದು ಇವು ಆ ಕಡೆ ಬೆರಳು ತೋರುವ ಸೂಚನೆಗಳು.

ಇಷ್ಟು ಸೂಕ್ಷ್ಮವಾಗಿ ಬೇರ್ಪಡಿಸುವ ಅಗತ್ಯವೇನೆಂದು ಕೇಳಬಹುದು. ಒಂದಕ್ಕೆ ಮದ್ದಾದುದು ಇನ್ನೊಂದಕ್ಕೆ ಕೇಡಾಗಬಹುದು ಎಂಬುದೇ ಉತ್ತರ. ಕೀಟನಾಶಕದ ವಿಷಕ್ಕೆ ಅಟ್ರೋಪಿನ್ ಜೀವದಾಯಕ. ಉಮ್ಮತ್ತಿ ತಿಂದವರಿಗೆ ಅದನ್ನೇ ಕೊಟ್ಟರೆ ವಿಷಕ್ಕೆ ವಿಷ ಸೇರಿದಂತೆ. ಹುಚ್ಚಾಟವೆಂದು ಭಾವಿಸಿ ಹ್ಯಾಲೋಪೆರಿಡಾಲ್ ಚುಚ್ಚುಮದ್ದು ನೀಡಿದರೆ ಮೇಲೆ ಹೇಳಿದ ನಾಲ್ಕನೆಯ ಸ್ಥಿತಿ ಮತ್ತಷ್ಟು ಕೆಡುತ್ತದೆ. ಆದುದರಿಂದ ಜೊತೆಯಲ್ಲಿ ಹೋದವರು "ವಿಷ ಕುಡಿದಿದ್ದಾರೆ" ಎಂಬ ಊಹೆಯನ್ನು ಸಂಗತಿಯೆಂಬಂತೆ ಹೇಳಬಾರದು. ಕಂಡದ್ದನ್ನು ಕಂಡಂತೆ ಹೇಳಬೇಕು.

7. ವರ್ಷಗಳಲ್ಲಿ ಬೆಳೆಯುವುದು: ಕಾರ್ಸಿನಾಯ್ಡ್ ಸಿಂಡ್ರೋಮ್

ಇನ್ನು ರಕ್ತದಲ್ಲಿ ಸೆರೊಟೋನಿನ್ ಹೆಚ್ಚಾಗುವ ಕಾಯಿಲೆ. ಸಾಮಾನ್ಯವಾಗಿ ಸಣ್ಣಕರುಳಿನಲ್ಲಿ ಹುಟ್ಟುವ ಒಂದು ಬಗೆಯ ಗಡ್ಡೆ ಸೆರೊಟೋನಿನ್ ಮತ್ತು ಇತರ ರಾಸಾಯನಿಕಗಳನ್ನು ಮಿತಿಯಿಲ್ಲದೆ ಸ್ರವಿಸತೊಡಗುತ್ತದೆ. ಈ ಬಗೆಯ ಗಡ್ಡೆಗೆ ಕಾರ್ಸಿನಾಯ್ಡ್ ಎಂಬ ಹೆಸರನ್ನು 1907ರಲ್ಲಿ ಜರ್ಮನಿಯ ಜೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ನೀಡಿದರು. ಇದು ನಿಧಾನವಾಗಿ ಬೆಳೆಯುವ ಕ್ಯಾನ್ಸರ್, ಕಾಯಿಲೆ ಅಪರೂಪದ್ದು.

ಕರುಳಿನಿಂದ ಹೊರಟ ರಕ್ತ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಹೆಚ್ಚುವರಿ ಸೆರೊಟೋನಿನ್ ನಾಶವಾಗುತ್ತದೆ. ಆದ್ದರಿಂದ ಗಡ್ಡೆ ಕರುಳಿನಲ್ಲಷ್ಟೇ ಇರುವವರೆಗೆ ಲಕ್ಷಣಗಳು ತೋರುವುದಿಲ್ಲ. ಗಡ್ಡೆ ಯಕೃತ್ತಿಗೆ ಹರಡಿದ ಮೇಲೆಯೇ ಬಹುಪಾಲು ರೋಗಿಗಳಲ್ಲಿ ಲಕ್ಷಣಗಳು ಹೊರಬರುತ್ತವೆ. ಅಂದರೆ ಕಂಡಾಗಲೇ ತಡವಾಗಿರುತ್ತದೆ. ಮತ್ತಷ್ಟು ತಡಮಾಡಲು ಅವಕಾಶವಿಲ್ಲ.

ಲಕ್ಷಣಗಳು ನಾಲ್ಕು. ಮುಖ ಮತ್ತು ಎದೆಯ ಮೇಲ್ಭಾಗ ಇದ್ದಕ್ಕಿದ್ದಂತೆ ಕೆಂಪಾಗಿ ಬಿಸಿಯಾಗುವುದು. ದಿನಕ್ಕೆ ಹಲವು ಬಾರಿ ನೀರಾದ ಭೇದಿ. ದಮ್ಮಿನಂತೆ ಉಸಿರು ಸುಯ್ಗುಡುವುದು. ಕಾಲಕ್ರಮದಲ್ಲಿ ಹೃದಯದ ಬಲಭಾಗದ ಕವಾಟಗಳು ಗಡುಸಾಗಿ ಕಾಲು ಊದಿಕೊಳ್ಳುವುದು.

ಇಂತಹವರು ವರ್ಷಗಟ್ಟಲೆ ಬೇರೆ ಬೇರೆ ಕಾಯಿಲೆಗಳ ಹೆಸರಿನಲ್ಲಿ ಚಿಕಿತ್ಸೆ ಪಡೆಯುತ್ತಿರಬಹುದು. ಮಧ್ಯವಯಸ್ಸಿನ ಮಹಿಳೆಯ ಮುಖ ಕೆಂಪಾದರೆ ಮುಟ್ಟು ನಿಲ್ಲುವ ಕಾಲವೆಂದು, ಗಂಡಸಿನದಾದರೆ ಕುಡಿತವೆಂದು, ಭೇದಿಯನ್ನು ಅಜೀರ್ಣವೆಂದು, ಉಸಿರಾಟದ ತೊಂದರೆಯನ್ನು ಉಬ್ಬಸವೆಂದು ತಿಳಿಯುವುದು ಸುಲಭ. ಬೇರ್ಪಡಿಸುವ ಸೂಚನೆಗಳು ಇವು: ಮುಟ್ಟು ನಿಲ್ಲುವ ಕಾಲದ ಬಿಸಿಯಲ್ಲಿ ಬೆವರು ಬರುತ್ತದೆ, ಕಾರ್ಸಿನಾಯ್ಡ್‌ನ ಕೆಂಪು ಸಾಮಾನ್ಯವಾಗಿ ಒಣಗಿರುತ್ತದೆ. ಆಹಾರದ ಅಜೀರ್ಣದಿಂದ ಬಂದ ಭೇದಿ ಉಪವಾಸವಿದ್ದರೆ ತಗ್ಗುತ್ತದೆ, ಇದು ಉಪವಾಸವಿದ್ದರೂ ರಾತ್ರಿ ಮಲಗಿದರೂ ಬಿಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ತೊಂದರೆಗಳಲ್ಲಿ ಎರಡು ಮೂರು ಒಬ್ಬರಲ್ಲಿಯೇ ಕೂಡಿ ಬಂದಿದ್ದರೆ ಅವನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟಾಗಿ ವೈದ್ಯರಿಗೆ ಹೇಳಬೇಕು.

ಈ ಕಾಯಿಲೆಯ ಇನ್ನೊಂದು ಮುಖ ನಮ್ಮ ಭಾಗದ ಹಿರಿಯರಿಗೆ ಅಪರಿಚಿತವಲ್ಲ. ದೇಹದ ಟ್ರಿಪ್ಟೋಫ್ಯಾನ್‌ನ ಬಹುಭಾಗವನ್ನು ಗಡ್ಡೆಯೇ ಸೆರೊಟೋನಿನ್ ತಯಾರಿಕೆಗೆ ಕಬಳಿಸಿದಾಗ ಅದರಿಂದಲೇ ತಯಾರಾಗಬೇಕಿದ್ದ ನಯಾಸಿನ್ ಎಂಬ ಜೀವಸತ್ತ್ವಕ್ಕೆ ಕೊರತೆ ಬೀಳುತ್ತದೆ. ಆಗ ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಒರಟಾಗುವ ಪೆಲ್ಲಾಗ್ರ ಕಾಣಿಸಿಕೊಳ್ಳುತ್ತದೆ. ಜೋಳವೊಂದೇ ಆಹಾರವಾಗಿದ್ದ ದಖ್ಖನಿನ ಬಡವರಲ್ಲಿ ಹಿಂದೆ ಈ ರೋಗವಿತ್ತು, ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1960ರ ಸುಮಾರಿನಲ್ಲಿ ಹೈದರಾಬಾದಿನಲ್ಲಿ ಅದನ್ನು ಅಧ್ಯಯನ ಮಾಡಿದರು. ಇಂದು ಸಾಕಷ್ಟು ಬೇಳೆಕಾಳು ಉಣ್ಣುವವರಲ್ಲಿ ಇಂತಹ ಚರ್ಮ, ಜೊತೆಗೆ ಬಿಡದ ಭೇದಿ ಕಂಡರೆ ಕಾರಣವನ್ನು ಹುಡುಕಬೇಕು.

ಕಾರ್ಸಿನಾಯ್ಡ್ ಸಿಂಡ್ರೋಮ್‌ಗೆ ಪರೀಕ್ಷೆ ಇದೆ. ಇಪ್ಪತ್ತನಾಲ್ಕು ಗಂಟೆಗಳ ಮೂತ್ರವನ್ನು ಸಂಗ್ರಹಿಸಿ ಸೆರೊಟೋನಿನ್ ಕರಗಿದಾಗ ಉಳಿಯುವ ಅಂಶವನ್ನು ಅಳೆಯುತ್ತಾರೆ. ಪರೀಕ್ಷೆಗೆ ಎರಡು ಮೂರು ದಿನ ಮೊದಲಿನಿಂದ ಬಾಳೆಹಣ್ಣು, ಅನಾನಸ್, ಟೊಮೆಟೊ ಮೊದಲಾದವನ್ನು ಬಿಡಲು ಹೇಳುತ್ತಾರೆ. ಇಲ್ಲದಿದ್ದರೆ ಫಲಿತಾಂಶ ತಪ್ಪಾಗಿ ಹೆಚ್ಚು ತೋರುತ್ತದೆ. ಶಸ್ತ್ರಚಿಕಿತ್ಸೆ ಹಾಗೂ ಆಕ್ಟ್ರಿಯೋಟೈಡ್ ಎಂಬ ಚುಚ್ಚುಮದ್ದಿನಿಂದ ಅನೇಕರಿಗೆ ವರ್ಷಗಳ ನೆಮ್ಮದಿ ದೊರೆಯುತ್ತದೆ.

8. ಕಾಯಿಲೆಯಲ್ಲದ ಹೆಚ್ಚಳ

ರಕ್ತಪರೀಕ್ಷೆಯ ವರದಿಯಲ್ಲಿ ಸೆರೊಟೋನಿನ್ ಹೆಚ್ಚೆಂದು ಬಂದ ಮಾತ್ರಕ್ಕೆ ಕಾಯಿಲೆ ಇದೆ ಎಂದಾಗುವುದಿಲ್ಲ. ಪರೀಕ್ಷೆಗೆ ಮೊದಲು ಸೇವಿಸಿದ ಆಹಾರ ಮತ್ತು ಔಷಧಗಳಿಂದಲೂ ಫಲಿತಾಂಶ ವ್ಯತ್ಯಾಸವಾಗಬಹುದು. ಆಟಿಸಂ ಇರುವ ಮಕ್ಕಳಲ್ಲಿ ಕೆಲವರ ರಕ್ತದಲ್ಲಿ ಇದು ಹೆಚ್ಚಿರುತ್ತದೆಂದು 1961ರಿಂದಲೂ ತಿಳಿದಿದೆ. ಅದು ಮೇಲಿನ ಎರಡೂ ಕಾಯಿಲೆಗಳಲ್ಲ, ಅದನ್ನು ತಗ್ಗಿಸುವ ಚಿಕಿತ್ಸೆಯೂ ಬೇಕಿಲ್ಲ. ಬಾಳೆಹಣ್ಣು ತಿಂದು ಸೆರೊಟೋನಿನ್ ಸಿಂಡ್ರೋಮ್ ಬರುವುದಿಲ್ಲ, ಏಕೆಂದರೆ ಹಣ್ಣಿನ ಸೆರೊಟೋನಿನ್ ಮಿದುಳನ್ನು ಸೇರಲಾರದು.

9. ತುರ್ತು ಸಂದರ್ಭದಲ್ಲಿ ಮಾಡಬೇಕಾದುದು

ಒಟ್ಟಿಗೆ ಬೆವರು, ನಡುಕ, ಚಡಪಡಿಕೆ, ಮೈಬಿಸಿ ಕಂಡುಬಂದರೆ ಮೇಲಿನ ಯಾವ ಕಾಯಿಲೆಯಾದರೂ ಕಾಯುವಂತಿಲ್ಲ. 108ಕ್ಕೆ ಕರೆ ಮಾಡಬೇಕು. ವಾಹನ ಬರುವವರೆಗೆ:

(1) ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್, ಚೀಟಿ, ಖಾಲಿ ಹಾಳೆಗಳನ್ನು ಒಂದು ಚೀಲದಲ್ಲಿ ಹಾಕಿ ರೋಗಿಯ ಜೊತೆ ಕಳುಹಿಸಬೇಕು. ಕೀಟನಾಶಕದ ಶಂಕೆಯಿದ್ದರೆ ಅದರ ಡಬ್ಬಿಯನ್ನೂ ಬೇರೆ ಚೀಲದಲ್ಲಿ ಒಯ್ಯಬೇಕು. ವಿಷ ತಗುಲಿದ ಬಟ್ಟೆಯನ್ನು ಕೈಗೆ ರಕ್ಷಣೆ ಮಾಡಿಕೊಂಡು ತೆಗೆಯಬೇಕು.

(2) ಹೊಸ ಔಷಧ ಯಾವಾಗ ತೆಗೆದುಕೊಂಡರು, ಲಕ್ಷಣ ಯಾವಾಗ ಶುರುವಾಯಿತು ಎಂಬ ಎರಡು ಸಮಯಗಳನ್ನು ಚೀಟಿಯಲ್ಲಿ ಬರೆಯಬೇಕು. ಫ್ಲುಯೊಕ್ಸೆಟಿನ್ ನಿಲ್ಲಿಸಿದ ಮೇಲೂ ವಾರಗಳ ಕಾಲ ದೇಹದಲ್ಲಿ ಉಳಿಯುವುದರಿಂದ ಕಳೆದ ಐದು ವಾರಗಳ ಔಷಧಗಳನ್ನೂ ಕೇಳಿ ಬರೆಯಬೇಕು.

(3) ಬಿಗಿ ಬಟ್ಟೆ ಸಡಿಲಿಸಿ, ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಹಾಕಬೇಕು. ಬಿಸಿಲಿನ ಆಘಾತವಾಗಿದ್ದರೂ ಇದು ಸರಿಯಾದ ಕ್ರಮವೇ. ಪ್ರಜ್ಞೆ ಮಂಕಾಗಿದ್ದರೆ ಮಗ್ಗುಲಾಗಿ ಮಲಗಿಸಬೇಕು. ಬಾಯಿಗೆ ಏನನ್ನೂ ಹಾಕಬಾರದು, ವಾಂತಿ ಮಾಡಿಸಬಾರದು.

(4) ಜ್ವರದ ಮಾತ್ರೆಯನ್ನು ನೆಚ್ಚಿ ಕಾಯಬಾರದು. ಇಲ್ಲಿ ಮೈಬಿಸಿಯಾಗಿರುವುದು ಸ್ನಾಯುಗಳ ಬಿಡದ ದುಡಿತದಿಂದ. ಪ್ಯಾರಾಸಿಟಮಾಲ್ ಅದನ್ನು ಇಳಿಸದು. ಮತ್ತೆ ನೋವಿನ ಚುಚ್ಚುಮದ್ದು ಹಾಕಿಸಬಾರದು.

(5) ಕಟ್ಟಿಹಾಕಬಾರದು. ಕಟ್ಟಿದ ಹಗ್ಗದ ವಿರುದ್ಧ ರೋಗಿ ಸೆಣಸಿದಷ್ಟೂ ಸ್ನಾಯುಗಳು ಕಾದು ದೇಹದ ಉಷ್ಣತೆ ಏರುತ್ತದೆ. ಅದೇ ಸಾವಿನ ದಾರಿಯಾಗಬಹುದು. ಇಬ್ಬರು ಪರಿಚಿತರು ಪಕ್ಕದಲ್ಲಿದ್ದು ಮೆಲುದನಿಯಲ್ಲಿ ಮಾತನಾಡಿಸುತ್ತ ಬೀಳದಂತೆ ನೋಡಿಕೊಂಡರೆ ಸಾಕು. ಮಾನಸಿಕ ಅಸ್ವಸ್ಥರನ್ನು ಸರಪಳಿಯಿಂದ ಬಂಧಿಸುವುದನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಕಲಂ 95 ಸಂಪೂರ್ಣವಾಗಿ ನಿಷೇಧಿಸಿದೆ ಎಂಬುದನ್ನೂ ಗಮನಕ್ಕೆ ತರಲಾಗಿದೆ.

ಆಸ್ಪತ್ರೆಯಲ್ಲಿ ಕಾರಣವಾದ ಔಷಧ ನಿಲ್ಲಿಸಿ, ಸ್ನಾಯುಗಳನ್ನು ಶಾಂತಗೊಳಿಸುವ ಔಷಧ ನೀಡಿ, ಮೈ ತಂಪಾಗಿಸಿ, ಅಗತ್ಯವಿದ್ದರೆ ಸೆರೊಟೋನಿನ್‌ನ ಪರಿಣಾಮ ತಡೆಯುವ ಸೈಪ್ರೊಹೆಪ್ಟಡಿನ್ ಕೊಡುತ್ತಾರೆ. ಸಕಾಲದಲ್ಲಿ ತಲುಪಿದವರು ಬಹುಮಟ್ಟಿಗೆ ಪೂರ್ಣವಾಗಿ ಗುಣಮುಖರಾಗುತ್ತಾರೆ.

ಒಂದು ಸೂಕ್ಷ್ಮ ವಿಷಯ. ಮಾತ್ರೆಗಳನ್ನು ಉದ್ದೇಶಪೂರ್ವಕವಾಗಿ ಹೆಚ್ಚು ನುಂಗಿದ ಪ್ರಕರಣಗಳಲ್ಲಿ ಪೊಲೀಸರ ಭಯದಿಂದ ಮನೆಯವರು ಸತ್ಯ ಮುಚ್ಚಿಡುವುದುಂಟು. ಅದೇ ಕಾಯ್ದೆಯ ಕಲಂ 115ರಂತೆ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಶಿಕ್ಷೆಯಲ್ಲ, ಆರೈಕೆ ಸಲ್ಲಬೇಕು. ಈ ಮಾತನ್ನು ಸದಸ್ಯರು ಮನೆಯವರಿಗೆ ಹೇಳಿದರೆ ಅಡಗಿಸಿಟ್ಟ ಮಾತ್ರೆಯ ಹಾಳೆ ಹೊರಬರುತ್ತದೆ.

10. ಗ್ರಾಮ ಪಂಚಾಯತಿ ಮಟ್ಟದಲ್ಲಿ ಕೈಗೊಳ್ಳಬಹುದಾದ ಕ್ರಮಗಳು

(ಅ) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಈ ಲೇಖನವನ್ನು ಓದಿ ಚರ್ಚಿಸುವುದು. ಸಮುದಾಯ ಆರೋಗ್ಯಾಧಿಕಾರಿ ಮತ್ತು ಆಶಾ ಕಾರ್ಯಕರ್ತೆಯರನ್ನು ಆಹ್ವಾನಿಸುವುದು.

(ಆ) ಪ್ರತಿ ಮನೆಯಲ್ಲಿಯೂ ಔಷಧಗಳು ಮತ್ತು ಚೀಟಿಗಳಿಗೆ ಒಂದೇ ಚೀಲವಿರುವಂತೆ, ಯಾವುದೇ ವೈದ್ಯರ ಬಳಿ ಅಥವಾ ಔಷಧಿ ಅಂಗಡಿಗೆ ಹೋಗುವಾಗ ಆ ಚೀಲವನ್ನು ಒಯ್ಯುವಂತೆ ತಿಳಿಹೇಳುವುದು. ಇದಕ್ಕೆ ಖರ್ಚಿಲ್ಲ.

(ಇ) ಚೀಟಿಯಿಲ್ಲದೆ ಟ್ರಮಡಾಲ್ ಮಾರುವುದು, ಅರ್ಹತೆಯಿಲ್ಲದವರು ನೋವಿನ ಚುಚ್ಚುಮದ್ದು ನೀಡುವುದು ಕಂಡುಬಂದರೆ ತಾಲ್ಲೂಕು ಆರೋಗ್ಯಾಧಿಕಾರಿಯವರ ಗಮನಕ್ಕೆ ತರುವುದು.

(ಈ) ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮನಸ್ ಉಚಿತ ಸಹಾಯವಾಣಿ 14416 ಹಾಗೂ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ತಪಾಸಣೆಯ ಮಾಹಿತಿಯನ್ನು ಸೂಚನಾ ಫಲಕದಲ್ಲಿ ಪ್ರಕಟಿಸುವುದು.

(ಉ) ಮುಖ ಕೆಂಪಾಗುವಿಕೆ ಮತ್ತು ಬಿಡದ ಭೇದಿ ಇರುವವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ತಜ್ಞರಲ್ಲಿಗೆ ಕಳುಹಿಸಲು ನೆರವಾಗುವುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿರುವುದನ್ನು ತಿಳಿಸುವುದು.

11. ಮುಕ್ತಾಯ

ಆರಂಭದಲ್ಲಿ ಕಲ್ಪಿಸಿಕೊಂಡ ಮನೆಗೆ ಹಿಂದಿರುಗೋಣ. ಅಲ್ಲಿ ಸದಸ್ಯರೊಬ್ಬರು ಹಗ್ಗವನ್ನು ಕೆಳಗಿಡಿಸಿ, ಗೂಡಿನಲ್ಲಿದ್ದ ಕವರನ್ನು ತರಿಸಿ, "ಇವತ್ತು ಹೊಸದಾಗಿ ಏನು ತಗೊಂಡಿರಿ, ಎಷ್ಟು ಹೊತ್ತಿಗೆ?" ಎಂದು ಕೇಳಿದರೆ ಸಾಕು. ಕಾಯಿಲೆಯ ಹೆಸರು ಅವರಿಗೆ ತಿಳಿದಿರಬೇಕಾಗಿಲ್ಲ. ಆ ಕವರ್ ಆಸ್ಪತ್ರೆಯ ಮೇಜಿನ ಮೇಲೆ ಬಿದ್ದ ಗಳಿಗೆಯಲ್ಲಿ ವೈದ್ಯರ ಅರ್ಧ ಕೆಲಸ ಮುಗಿದಿರುತ್ತದೆ.

ಈ ಮಾಹಿತಿಯನ್ನು ಎಲ್ಲ ಸದಸ್ಯರು ಓದಿ, ತಮ್ಮ ವಾರ್ಡಿನ ಜನರಿಗೆ ತಿಳಿಯಪಡಿಸಬೇಕೆಂದು ಕೋರಲಾಗಿದೆ.